ಕುಂಟೆತ್ತಿಗೆ ನಾಲ್ಕನೆಯ ಕಾಲು

ಮಕ್ಕಳ ಚಿತ್ರ ಬರೆಯುವಾಗ ನಾನು ಮೊದಲು ಆಟಿಕೆಯನ್ನು ಬರೆಯುತ್ತೇನೆ, ಆಮೇಲೆ ಮಗುವನ್ನು. ಇದನ್ನು ಯಾರೂ ಕಲಿಸಿಕೊಟ್ಟದ್ದಲ್ಲ, ಪೆಟ್ಟು ತಿಂದು ನಾನೇ ಕಲಿತದ್ದು. ಐದು ವರ್ಷದ ಕೂಸನ್ನು ಸ್ಟೂಲಿನ ಮೇಲೆ ಕೂರಿಸಿ ಅಲ್ಲಾಡಬೇಡ ಎಂದರೆ ಅದು ಮೊದಲು ಮೂಗು ತುರಿಸಿಕೊಳ್ಳುತ್ತದೆ, ಆಮೇಲೆ ಮೊಣಕಾಲು ತುರಿಸಿಕೊಳ್ಳುತ್ತದೆ, ಆಮೇಲೆ ನೀರು ಕೇಳುತ್ತದೆ, ಕುಡಿದ ಮೇಲೆ ಆ ನೀರು ಹೊರಗೆ ಹೋಗಲೇಬೇಕು ಎನ್ನುತ್ತದೆ. ಅದರ ಬದಲು ಅದರ ಗೊಂಬೆಯನ್ನೋ ಮೋಟಾರನ್ನೋ ಮೇಜಿನ ಮೇಲಿಟ್ಟು ಬರೆಯಲು ಶುರು ಮಾಡಿ ನೋಡಿ. ತನ್ನ ಸಾಮಾನಿಗೆ ಈ ಮುದುಕ ಏನು ಮಾಡಿಬಿಡುತ್ತಾನೋ ಎಂದು ಕೂಸು ಕಣ್ಣು ಮಿಟುಕಿಸದೆ ಕಾವಲು ಕೂರುತ್ತದೆ. ನನಗೆ ಬೇಕಾದದ್ದು ಆ ಮುಖವೇ. ಒಂದು ಕಣ್ಣಿನಲ್ಲಿ ಅದನ್ನು ನೋಡಿಟ್ಟುಕೊಂಡಿರುತ್ತೇನೆ.

ಬೈಲಹೊಂಗಲದಲ್ಲಿ ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ ನಮ್ಮ ಮನೆ. ಬೀದಿಗೆ ಬಾಗಿಲಿರುವ ಮುಂದಿನ ಖೋಲಿಯೇ ನನ್ನ ಅಂಗಡಿ. ಮೂವತ್ತು ವರ್ಷ ನಾನು ಬೋರ್ಡು ಬರೆದವನು. ಗೊಬ್ಬರದ ಅಂಗಡಿ, ಖಾನಾವಳಿ, ಟ್ರ್ಯಾಕ್ಟರಿನ ಟ್ರೇಲರು, ಸವದತ್ತಿಯ ಗುಡ್ಡ ಹತ್ತುವ ದಾರಿಯ ಕಾಯಿ-ಕರ್ಪೂರದ ಅಂಗಡಿ, ಎಲ್ಲೆಲ್ಲಿ ನನ್ನ ಅಕ್ಷರ ಇರಲಿಲ್ಲ! ನಮ್ಮದು ಪಂಚಾಂಗ ನೋಡಿ ಮುಹೂರ್ತ ಹೇಳುವ ಮನೆತನ. "ಇಂಥಾ ಅಕ್ಷರಾ ಕೊಟ್ಟಾನ ದೇವರು, ನೀ ಗ್ವಾಡಿ ಮ್ಯಾಲೆ ಇಲ್ಲೆ ಉಚ್ಚಿ ಹೊಯ್ಯಬ್ಯಾಡ್ರಿ ಅಂತ ಬರಕೋತ ಹೋಗು" ಎಂದು ನಮ್ಮಪ್ಪ ಕೊನೆಯವರೆಗೂ ನನ್ನನ್ನು ಹಂಗಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಒಂದು ಸಾಲನ್ನು ನಾಲ್ಕು ತಾಲೂಕಿನಲ್ಲಿ ನನ್ನಷ್ಟು ಚೆಂದವಾಗಿ ಬರೆದವರು ಇನ್ನೊಬ್ಬರಿಲ್ಲ. ಬೇಕಾದರೆ ಹಳೆಯ ಗೋಡೆಗಳನ್ನು ಹೋಗಿ ನೋಡಬಹುದು.

ಆಮೇಲೆ ಫ್ಲೆಕ್ಸ್ ಬಂತು. ಒಂದು ತಾಸಿನಲ್ಲಿ ಬೋರ್ಡು, ಅದರಲ್ಲಿ ಅಂಗಡಿಯವನ ಫೋಟೋ, ಅವನ ಮಾವನ ಫೋಟೋ, ಹಿಂದೆ ಸೂರ್ಯ ಹುಟ್ಟುತ್ತಿರುವ ಚಿತ್ರ. ನನ್ನ ಬ್ರಶ್ಶುಗಳು ಡಬ್ಬಿಯೊಳಗೆ ಒಣಗತೊಡಗಿದವು. ನಾನು ಅಂಗಡಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರ ಮೇಲೆಲ್ಲ ಸುಮ್ಮಸುಮ್ಮನೆ ಸಿಟ್ಟಾಗುವುದನ್ನು ನೋಡಿ ನನ್ನ ಹೆಂಡತಿ ಒಂದು ದಿನ, "ಏನರೆ ಬರೀರಿ, ಇಲ್ಲಾಂದ್ರ ನನಗ ಬೆಳ್ಳೊಳ್ಳಿ ಸುಲದು ಕೊಡ್ರಿ" ಎಂದಳು. ಬೆಳ್ಳುಳ್ಳಿಗೆ ಹೆದರಿ ಪಕ್ಕದ ಕಿರಾಣಿ ಅಂಗಡಿಯವನ ಮೊಮ್ಮಗಳನ್ನು ಅವಳ ಬಟ್ಟೆಯ ಗೊಂಬೆಯ ಜೊತೆ ಬರೆದೆ. ಅವನು ಅದನ್ನು ತಕ್ಕಡಿಯ ಹಿಂದೆ ತೂಗುಹಾಕಿದ. ಸಕ್ಕರೆ ಕೊಳ್ಳಲು ಬಂದವರೆಲ್ಲ ನೋಡಿದರು. ಮಕ್ಕಳ ಫೋಟೋ ಎಲ್ಲರ ಫೋನಿನಲ್ಲೂ ಸಾವಿರಗಟ್ಟಲೆ ಇದ್ದವು, ಆದರೆ ಗೋಡೆಯ ಮೇಲೆ ಒಂದೂ ಇರಲಿಲ್ಲ. ಹೀಗೆ ಕಿತ್ತೂರಿನಿಂದ, ರಾಮದುರ್ಗದಿಂದ, ಸವದತ್ತಿಯಿಂದ ಮಕ್ಕಳು ತಮ್ಮ ತಮ್ಮ ಪ್ರೀತಿಯ ಆಟಿಕೆ ಹಿಡಿದು ಬರತೊಡಗಿದವು.

ಬಂದ ಮಕ್ಕಳೋ, ಒಂದಕ್ಕಿಂತ ಒಂದು. ರಾಮದುರ್ಗದ ಅಕ್ಕತಂಗಿಯರಿಬ್ಬರು ಒಂದೇ ಮೂರುಗಾಲಿ ಸೈಕಲ್ಲಿನ ಜೊತೆ ಬಂದು, ಚಿತ್ರದಲ್ಲಿ ಸೀಟಿನ ಮೇಲೆ ಯಾರು ಕೂರಬೇಕು ಎಂದು ನನ್ನ ಖೋಲಿಯಲ್ಲೇ ಜುಟ್ಟು ಹಿಡಿದು ಬಡಿದಾಡಿದರು. ಕೊನೆಗೆ ಸೀಟನ್ನು ಖಾಲಿ ಬಿಟ್ಟು ಇಬ್ಬರನ್ನೂ ಆಚೆ ಈಚೆ ನಿಲ್ಲಿಸಿ ಬರೆದೆ. ಸವದತ್ತಿಯಿಂದ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಕರೆತಂದಿದ್ದಳು. ಅವನ ಕೈಯಲ್ಲಿ ಒಂದು ದೊಡ್ಡ ಗುಲಾಬಿ ಬಣ್ಣದ ಕರಡಿ, ಅದರ ಕಿವಿಯಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಹುಡುಗ ಆ ಕರಡಿಯನ್ನು ಯಾರದೋ ಮನೆಯ ಕೂಸನ್ನು ಒಂದು ಗಳಿಗೆ ಹಿಡಿದುಕೋ ಎಂದು ಯಾರೋ ಕೈಗೆ ಕೊಟ್ಟ ಹಾಗೆ ದೂರ ಹಿಡಿದಿದ್ದ. ಚಡ್ಡಿಯ ಕಿಸೆ ಮಾತ್ರ ಉಬ್ಬಿತ್ತು. ತೆಗೆಸಿ ನೋಡಿದರೆ ಕುಕ್ಕರಿನ ಸೀಟಿ. ಅವನು ಹುಟ್ಟಿದಾಗಿನಿಂದ ಆಡಿದ್ದು ಅದೊಂದರ ಜೊತೆಯೇ. ತಾಯಿಗೆ ನಾಚಿಕೆಯಾಗಿ ಬರುವ ದಾರಿಯಲ್ಲಿ ಕರಡಿ ಕೊಂಡಿದ್ದಳು. ನಾನು ಕರಡಿಯನ್ನು ಮೂಲೆಗೆ ಕೂರಿಸಿ ಸೀಟಿಯನ್ನೇ ಬರೆದೆ. ಮಕ್ಕಳ ಮನಸ್ಸು ನನಗೆ ತಿಳಿಯುತ್ತದೆ ಎಂಬ ಸೊಕ್ಕು ನನಗೆ ಹತ್ತಿದ್ದು ಅಂದಿನಿಂದ.

ಒಂದು ಚಟ ಮಾತ್ರ ನನ್ನಲ್ಲಿತ್ತು. ಮಕ್ಕಳ ಪ್ರೀತಿಯ ಆಟಿಕೆ ಎಂದರೆ ಅದು ಮುರಿದೇ ಇರುತ್ತದೆ. ಗೊಂಬೆಗೆ ಒಂದು ಕಣ್ಣಿಲ್ಲ, ಮೋಟಾರಿಗೆ ಗಾಲಿಯಿಲ್ಲ. ಅದನ್ನೆಲ್ಲ ನಾನು ಚಿತ್ರದಲ್ಲಿ ರಿಪೇರಿ ಮಾಡಿಬಿಡುತ್ತಿದ್ದೆ. ನಮ್ಮಪ್ಪನಿಂದ ಬಂದದ್ದು ಅದು. ಭಿನ್ನವಾದ ಮೂರ್ತಿ ಮನೆಯಲ್ಲಿ ಇರಕೂಡದು, ದೇವರ ಪಟದ ಗಾಜಿಗೆ ಸೀಳು ಬಿಟ್ಟರೂ ಅದೇ ದಿನ ಬದಲಿಸಬೇಕು ಎನ್ನುವವರು ಅವರು. ಪಂಚಾಂಗವನ್ನು ನಾನು ಬಿಟ್ಟೆ, ಆದರೆ ಇದು ನನ್ನ ಕೈಯಲ್ಲೇ ಉಳಿಯಿತು. ಕಿತ್ತೂರಿನ ಒಬ್ಬ ಹುಡುಗನ ಹಳದಿ ಜೆಸಿಬಿಗೆ ಮುಂದಿನ ಬುಟ್ಟಿಯೇ ಇರಲಿಲ್ಲ, ನಾನು ಹಲ್ಲುಗಳ ಸಮೇತ ಹೊಸ ಬುಟ್ಟಿ ಬರೆದುಕೊಟ್ಟೆ. "ಹೊಸಾದಕ್ಕಿಂತ ಹೊಸಾದ ಮಾಡಿ ಕೊಟ್ರಿ" ಎಂದು ಅವನ ಅಪ್ಪ ಕೈ ಮುಗಿದ. ಹುಡುಗನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವರ್ಷದ ಆಷಾಢದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಸಂಪಗಾಂವದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ತಾಯಿ ಮನೆಯಲ್ಲೇ ಜಂಪರು ಹೊಲಿಯುವವಳು. ಮಗಳಿಗೆ ಆರು ವರ್ಷ, ಒಂದನೆಯ ಇಯತ್ತೆ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಹುಡುಗಿ ಎರಡೂ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದಿತ್ತು. ಮುಚ್ಚಳ ತೆಗೆದರೆ ಒಳಗೆ ಜಂಪರಿನ ಬಣ್ಣಬಣ್ಣದ ತುಣುಕು ಅರಿವೆ, ಅದರ ನಡುವೆ ಅಂಗೈಯಷ್ಟು ಒಂದು ಮಣ್ಣಿನ ಎತ್ತು.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಎರೆಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಇದು ಆ ಹುಡುಗಿ ತನ್ನ ಕೈಯಾರೆ ಮಾಡಿದ ಮೊದಲ ಎತ್ತು. ಕಣ್ಣಿಗೆ ಎರಡು ಜೋಳದ ಕಾಳು, ಕೋಡಿಗೆ ಕಸಬರಿಗೆಯ ಕಡ್ಡಿ, ಬೆನ್ನ ಮೇಲೆ ಹಬ್ಬದ ಎತ್ತಿಗೆ ಹೊದಿಸುವ ಜೂಲದ ಹಾಗೆ ಸಾಲುಸಾಲು ಕುಸುಬಿ ಕಾಳು ಒತ್ತಿತ್ತು. ಮುಖ ಮಾತ್ರ ಎತ್ತಿನದೋ ಇಲಿಯದೋ ಹೇಳುವುದು ಕಷ್ಟ.

ತಾಯಿ ವಿಷಯ ಹೇಳಿದಳು. "ಕಾಕಾ, ಪೂಜಿ ಮಾಡಿದ ಎತ್ತ ಶ್ರಾವಣ ಹತ್ತೂದ್ರೊಳಗ ನೀರಿಗೆ ಬಿಡಬೇಕು ಅಂತಾರ್ರಿ ನಮ್ಮತ್ತಿ. ಉಳಿದಾವೆಲ್ಲಾ ಬಿಟ್ಟಾತು. ಇದೊಂದನ್ನ ಈಕಿ ಬಿಡವಲ್ಲಳು. ತೆಲಿದಿಂಬಿನ ಬಾಜೂಕ ಇಟಗೊಂಡ ಮಲಗತಾಳ್ರಿ. ನೀರಿಗೆ ಬಿಡು ಅಂದ್ರ ಅಳೂದು, ಉಣ್ಣಂಗಿಲ್ಲ ಅನ್ನೂದು. ಕಡೀಕ ನಾ ಹೇಳಿದೆ, ಬೈಲಹೊಂಗಲದಾಗ ಒಬ್ಬರು ಅಜ್ಜಾರು ಅದಾರ, ಅವರು ನಿನ್ನೂ ಅದನ್ನೂ ಕೂಡೇ ಬರದು ಕೊಡತಾರ, ಅದು ಗ್ವಾಡಿ ಮ್ಯಾಲೆ ಯಾವಾಗಲೂ ಇರತೈತಿ, ಆಮ್ಯಾಲೆ ಮಣ್ಣಿಂದನ್ನ ನೀರಿಗೆ ಬಿಡೂಣು ಅಂತ. ಎರಡ ದಿನ ವಿಚಾರ ಮಾಡಿ ಹೂಂ ಅಂದಾಳ್ರಿ. ಈಗ ಎಲ್ಲಾ ನಿಮ್ಮ ಮ್ಯಾಲೆ ಐತಿ ನೋಡ್ರಿ."

ನಾನು ಹುಡುಗಿಯ ಕಡೆ ನೋಡಿದೆ. ಅದು ನನ್ನನ್ನು ಮೇಲಿನಿಂದ ಕೆಳಗೆ ಅಳೆದು ನೋಡಿ ಒಂದೇ ಪ್ರಶ್ನೆ ಕೇಳಿತು.

"ಅಜ್ಜಾ, ಇದ್ದಂಗ ಬರೀತಿ?"

"ಇದ್ದದ್ದಕ್ಕಿಂತ ಛಲೋ ಬರೀತೇನವಾ" ಎಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಎತ್ತನ್ನು ಮೇಜಿನ ಮೇಲಿಟ್ಟರೆ ಅದು ಒಂದು ಕಡೆ ವಾಲಿತು. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಸಂಪಗಾಂವದಿಂದ ಬರುವ ಬಸ್ಸಿನ ಕುಲುಕಾಟದಲ್ಲಿ ಉದುರಿರಬೇಕು, ಪಾಪ, ತಾಯಿ ಮಗಳಿಬ್ಬರಿಗೂ ಇನ್ನೂ ಗೊತ್ತಾಗಿಲ್ಲ, ಹೇಳಿದರೆ ಹುಡುಗಿ ಅತ್ತೀತು ಎಂದುಕೊಂಡು ನಾನು ಸುಮ್ಮನಾದೆ. ನನ್ನ ಜಾಣತನ ನೋಡಿ. ಹುಡುಗಿ ಮಾತ್ರ ಓಡಿಬಂದು ಎರಡು ಬೆರಳನ್ನು ಎತ್ತಿನ ಹೊಟ್ಟೆಯ ಕೆಳಗೆ ಇಟ್ಟು ನಿಂತಿತು.

"ಕೈ ತಗಿಯವಾ, ಎತ್ತು ಕಾಣವಲ್ದು" ಎಂದೆ.

ತೆಗೆಯಲಿಲ್ಲ. ನಾನೇ ಕೈ ಸರಿಸಿ, ಎತ್ತಿನ ಹಿಂದೆ ವಾರ್ನಿಶ್ ಡಬ್ಬಿ ಆನಿಸಿ ನಿಲ್ಲಿಸಿದೆ. ಅಂದು ಎತ್ತು, ಮರುದಿನ ಹುಡುಗಿ. ಮರುದಿನವಂತೂ ನನಗೆ ತಲೆ ಕೆಟ್ಟುಹೋಯಿತು. ಎತ್ತನ್ನು ಪಕ್ಕದಲ್ಲೇ ಇಟ್ಟು, ಕೈಯೆರಡನ್ನೂ ತೊಡೆಯ ಮೇಲೆ ಇಟ್ಟುಕೋ ಎಂದರೆ ಎಡಗೈ ಮೆಲ್ಲಗೆ ಎತ್ತಿನ ಕಡೆ ಹರಿದು ಹೋಗುತ್ತಿತ್ತು. ನಾನು ಗದರಿದರೆ ಹಿಂದೆ ಬರುತ್ತಿತ್ತು, ಕಣ್ಣು ತಪ್ಪಿಸಿದರೆ ಮತ್ತೆ ಹೊರಡುತ್ತಿತ್ತು. "ಈ ಹುಡಿಗಿ ಕೈ ಸುಮ್ಮನ ಇರಂಗೇ ಇಲ್ಲಲ್ಲ!" ಎಂದು ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಗೊಣಗಿದೆ.

ತಾಯಿ ಮಗಳಿಬ್ಬರನ್ನೂ ಎತ್ತಿನ ಡಬ್ಬಿಯ ಸಮೇತ, ಎಂಟು ದಿನ ಬಿಟ್ಟು ಬನ್ನಿ ಎಂದು ಕಳಿಸಿದೆ. ಬರೆಯುವಾಗ ಮಕ್ಕಳಿಗೆ ಚಿತ್ರ ತೋರಿಸುವ ಪದ್ಧತಿ ನನ್ನಲ್ಲಿಲ್ಲ, ಹಸಿ ಬಣ್ಣಕ್ಕೆ ಬೆರಳು ಹಚ್ಚುತ್ತಾರೆ. ಅವರು ಹೋದ ಮೇಲೆ ಆ ಎತ್ತಿಗೆ ನಾನು ನಾಲ್ಕನೆಯ ಕಾಲು ಬರೆದೆ. ಅದೊಂದಕ್ಕೇ ಅರ್ಧ ದಿನ ಹಿಡಿಯಿತು. ಕಾಲು ಬಂದ ಮೇಲೆ ಬೆನ್ನು ನೆಟ್ಟಗಾಗಬೇಕಲ್ಲ, ನೆಟ್ಟಗೆ ಮಾಡಿದೆ. ಕತ್ತು ಎತ್ತಿಸಿದೆ. ಗೊರಸಿಗೆ ಹೊಳಪು ಕೊಟ್ಟೆ. ಕಾರಹುಣ್ಣಿಮೆಯ ದಿನ ಸಿಂಗರಿಸಿ ಕರಿ ಹರಿಯಲು ಓಡಿಸುವ ಎತ್ತಿಗೂ ಅಂಥ ಠೀವಿ ಇರಲಿಕ್ಕಿಲ್ಲ. ಪಕ್ಕದಲ್ಲಿ ಹುಡುಗಿ, ಕೈಯೆರಡೂ ತೊಡೆಯ ಮೇಲೆ, ದಸರೆಯ ಗೊಂಬೆಯಷ್ಟು ಶಿಸ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ನನಗೆ ನಾನೇ ಶಾಬಾಶ್ ಹೇಳಿಕೊಂಡೆ.

ಎಂಟನೆಯ ದಿನ ಅವರು ಬಂದಾಗ ತಾಯಿಯ ಮುಖ ಅರಳಿತ್ತು. "ನಿನ್ನೆ ಹಳ್ಳಕ್ಕ ಬಿಟ್ಟ ಬಂದ್ವಿ ಕಾಕಾ. ಈಕಿನೇ ತನ್ನ ಕೈಲೆ ಬಿಟ್ಲು. ಒಂದ ಹನಿ ಕಣ್ಣೀರ ಹಾಕಲಿಲ್ಲ. ನಮ್ಮತ್ತಿ ನೋಡಿ, ಅಳವಲ್ಲೆಲ್ಲೇ ಅಂದ್ರ, ಅದು ಬೈಲಹೊಂಗಲದಾಗ ಐತಿ ಅಂದ್ಳರಿ!"

ತಾಯಿ ನಕ್ಕಳು, ನಾನೂ ನಕ್ಕೆ. ಮಳೆಗಾಲದ ಹಳ್ಳ, ತುಂಬಿ ಹರಿಯುತ್ತಿದ್ದಿರಬೇಕು. ಬಿಟ್ಟ ಕ್ಷಣಕ್ಕೆ ಎರೆಮಣ್ಣು ಕರಗಿ ಹೋಗಿರುತ್ತದೆ. ನಾನು ದೊಡ್ಡ ಜಾದೂಗಾರನ ಹಾಗೆ ಚಿತ್ರದ ಮೇಲಿನ ಬಟ್ಟೆ ತೆಗೆದೆ.

ಬೇರೆ ಮಕ್ಕಳು ಮೊದಲು ತಮ್ಮ ಮುಖ ಹುಡುಕುತ್ತಾರೆ. ಇದು ತನ್ನ ಮುಖದ ಕಡೆ ನೋಡಲೇ ಇಲ್ಲ. ಎತ್ತನ್ನು ನೋಡಿತು. ಹತ್ತಿರ ಬಂದು ನೋಡಿತು. ಆಮೇಲೆ ಚಿತ್ರದ ಹಲಗೆಯ ಹಿಂದೆ ಹೋಗಿ ಅಲ್ಲಿ ಇಣುಕಿತು. ಮತ್ತೆ ಮುಂದೆ ಬಂದು ನನ್ನನ್ನು ಕೇಳಿತು.

"ನಂದು ಎಲ್ಲೈತಿ?"

"ಇದೇ ನಿಂದು" ಎಂದೆ.

"ಇದು ನನ್ನ ಎತ್ತಲ್ಲ. ನಂದು ಕುಂಟೆತ್ತು."

"ಹಂಗ ಅನಬಾರ್ದು, ಕಾಕಾ ಎಷ್ಟ ಛಂದ ಬರದಾರ ನೋಡ್" ಎಂದು ತಾಯಿ ಮಗಳ ಭುಜ ಅದುಮಿದಳು. ಆದರೆ ಅವಳ ಕಣ್ಣು ಕೂಡ ಆ ನಾಲ್ಕನೆಯ ಕಾಲಿನ ಮೇಲೆಯೇ ನಿಂತಿತ್ತು.

ಆಗ ನನಗೆ ಹೊಳೆಯಿತು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನಮ್ಮ ಕಡೆಯ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಆ ಎತ್ತನ್ನು ಕೈಯಲ್ಲಿ ಹಿಡಿದು, ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಕೂಗುತ್ತಾರೆ. ಕೂಡಿದ ಜೋಳವನ್ನು ಅಂಗಡಿಗೆ ಕೊಟ್ಟು ಚುರಮರಿ, ಪೇಪರಮೆಂಟು ತಿನ್ನುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮಪ್ಪ ನಮ್ಮನ್ನು ಕಳಿಸುತ್ತಿರಲಿಲ್ಲ. ಭಟ್ಟರ ಮನೆಯ ಮಕ್ಕಳು ಮುರಿದ ಎತ್ತು ಹಿಡಿದು ಓಣಿ ತಿರುಗುವುದೇ ಎಂದು ಬಾಗಿಲ ಕಟ್ಟೆಯ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದರು. ನಮ್ಮವ್ವ ಜೋಳ ನೀಡುವಾಗ ನಾನು ಅವಳ ಸೆರಗಿನ ಹಿಂದಿನಿಂದ ಆ ಗುಂಪನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಕುಂಟೆತ್ತನ್ನು ಕೈಯಲ್ಲಿ ಹಿಡಿದು ಗೊತ್ತಿದ್ದವನಲ್ಲ.

ಉಳಿದದ್ದನ್ನು ತಾಯಿ ಹೇಳಿದಳು. ಓಣಿಯ ಹುಡುಗರೆಲ್ಲ ಬೇಕೆಂದೇ ಕಾಲು ಮುರಿದುಕೊಂಡು ಬಂದಿದ್ದರಂತೆ. ಇವಳ ಎತ್ತಿನ ಕಾಲು ಮಾತ್ರ ಒಣಗುವಾಗ ತಾನಾಗಿಯೇ ಉದುರಿತ್ತು. ತಾನಾಗಿಯೇ ಕುಂಟಾದದ್ದು ಖರೇ ಕುಂಟೆತ್ತು ಎಂದು ದೊಡ್ಡ ಹುಡುಗರೇ ತೀರ್ಪು ಕೊಟ್ಟರು. ಹಾಗಾಗಿ ಎಲ್ಲರಿಗಿಂತ ಚಿಕ್ಕ ಹುಡುಗಿ ಎಲ್ಲರಿಗಿಂತ ಮುಂದೆ ನಡೆಯಿತು. ಮೂರು ಓಣಿ ಅದರ ಎತ್ತಿನ ಹಿಂದೆ ಎಲ್ಲರೂ ನಡೆದರು. ಅದಕ್ಕೇ ಅದು ಆ ಎತ್ತನ್ನು ಬಿಡಲೊಲ್ಲೆ ಎಂದದ್ದು.

ನನಗೆ ಮೊದಲು ಬಂದದ್ದು ಸಿಟ್ಟು. ತಪ್ಪು ನನ್ನದು ಎಂದು ಗೊತ್ತಾದಾಗ ನನಗೆ ಯಾವಾಗಲೂ ಮೊದಲು ಸಿಟ್ಟೇ ಬರುತ್ತದೆ. "ಮುರದದ್ದನ್ನ ಯಾರರೆ ಗ್ವಾಡಿಗೆ ಹಾಕ್ತಾರೇನು?" ಎಂದೆ. ನಡುಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅಲ್ರೀ, ಆ ಎತ್ತಿಗೆ ಕಾಲು ಹಚ್ಚರಿ ಅಂತ ನಿಮಗ ಯಾರು ಹೇಳಿದ್ರು?" ಎಂದಳು. ಉತ್ತರವಿಲ್ಲದ ಪ್ರಶ್ನೆ ಕೇಳುವುದರಲ್ಲಿ ಅವಳು ಎತ್ತಿದ ಕೈ.

"ಆತು ಬಿಡು, ಒಂದ ಕಾಲ ತಗದ್ರ ಮುಗೀತು. ಗಳಿಗಿ ಕೆಲಸ" ಎಂದು ನಾನು ಸುರ್ರನೆ ಚಾಕು, ಟರ್ಪೆಂಟೈನು ತಂದೆ. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಚಾಕು ಎತ್ತಿದವನು ಹಾಗೇ ನಿಂತೆ.

ಯಾವ ಕಾಲು?

ಮುಂದಿನದೋ ಹಿಂದಿನದೋ? ಎಡವೋ ಬಲವೋ? ಎರಡು ದಿನ ಆ ಎತ್ತು ನನ್ನ ಮೂಗಿನ ಕೆಳಗೆ ಇತ್ತು. ಅದರ ಬೆನ್ನ ಮೇಲೆ ಕುಸುಬಿ ಕಾಳಿನ ಸಾಲು ಎಷ್ಟು ಎಂದು ಈಗಲೂ ಹೇಳಬಲ್ಲೆ. ಆದರೆ ಮುರಿದ ಕಾಲು ಯಾವುದೆಂದು ನನಗೆ ನೆನಪಿರಲಿಲ್ಲ. ನೋಡಿದ ಮೊದಲ ಕ್ಷಣವೇ ನನ್ನ ಕಣ್ಣು ಅದಕ್ಕೆ ಕಾಲು ಹಚ್ಚಿ ಮುಗಿಸಿತ್ತು, ಆಮೇಲೆ ನಾನು ಅತ್ತ ನೋಡಿಯೇ ಇರಲಿಲ್ಲ. ತಾಯಿ ಗಡಬಡಿಸಿ ಫೋನು ತೆಗೆದಳು. ಎತ್ತಿನ ಜೊತೆ ಮಗಳ ಮೂರು ಫೋಟೋ ಇದ್ದವು. ಮೂರರಲ್ಲೂ ತುಂಬ ಮಗಳ ಮುಖ, ಕೆಳಗಿನ ಅಂಚಿನಲ್ಲಿ ಎರಡು ಕೋಡು.

"ಯಾವುದರೆ ಒಂದ ಕಾಲ ತಗದಬಿಡ್ರಿ ಕಾಕಾ" ಎಂದು ತಾಯಿ ದನಿ ಇಳಿಸಿ ಹೇಳಿದಳು. "ಸಣ್ಣ ಹುಡಿಗಿ, ಅದಕ್ಕೇನ ಗೊತ್ತಾಕ್ಕೈತಿ."

ಹುಡುಗಿಗೆ ಅದು ಕೇಳಿಸಿತು. ಹಳ್ಳದ ದಂಡೆಯಲ್ಲಿ ಅಳದೇ ಇದ್ದದ್ದು ಈಗ ಅಳತೊಡಗಿತು. ಹಟ ಮಾಡಿ ಕೂಗುವ ಅಳುವಲ್ಲ, ತುಟಿ ಬಿಗಿಹಿಡಿದು ಸುಮ್ಮನೆ ಕಣ್ಣಿಂದ ನೀರು ಸುರಿಸುವ ಅಳು. "ಅಲ್ಲೂ ಇಲ್ಲ, ಇಲ್ಲೂ ಇಲ್ಲ" ಎಂದಿತು.

ನನಗೆ ನಾಚಿಕೆಯಾಯಿತು. ಅರವತ್ತು ದಾಟಿದ ಮೇಲೆ ಅಷ್ಟು ನಾಚಿಕೆ ಆಗಬಾರದು. ಬೈಲಹೊಂಗಲದಲ್ಲಿ ಇದೆ ಎಂದು ನಂಬಿ ಅದು ತನ್ನ ಎತ್ತನ್ನು ನೀರಿಗೆ ಬಿಟ್ಟಿತ್ತು. ಬೈಲಹೊಂಗಲದಲ್ಲಿ ಇದ್ದದ್ದು ನನ್ನ ಎತ್ತು.

ನಾನು ಚಾಕು ಕೆಳಗಿಟ್ಟು ಹುಡುಗಿಯ ಎದುರಿಗೆ ನೆಲದ ಮೇಲೆ ಕೂತೆ. ಮೊಣಕಾಲು ಲಟಕ್ಕೆಂದಿತು. "ಅಜ್ಜಗ ಮರತದವಾ. ನಾ ನೆಟ್ಟಗ ನೋಡಲಿಲ್ಲ. ನೀ ಹೇಳು, ಯಾವ ಕಾಲು?" ಎಂದೆ.

ಅದು ಮೂಗು ಒರೆಸಿಕೊಂಡು ಯೋಚಿಸಿತು. "ಈ ಕಡೀದು" ಎಂದು ಒಂದು ಕೈ ಎತ್ತಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕೈ ಎತ್ತಿತು. ಎಡ ಬಲ ಇನ್ನೂ ಅದಕ್ಕೆ ಗಟ್ಟಿಯಾಗಿರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಗ ಅದು ಸುತ್ತ ನೋಡಿ, ಮೂಲೆಯಲ್ಲಿದ್ದ ಒಂದು ಸಣ್ಣ ಖಾಲಿ ಬಣ್ಣದ ಡಬ್ಬಿ ಎತ್ತಿಕೊಂಡಿತು. ಅದನ್ನು ಅಡ್ಡ ಮಲಗಿಸಿ ಎರಡು ಬೆರಳನ್ನು ಕೆಳಗೆ ಕೊಟ್ಟು ನೆಲದ ಮೇಲೆ ನಡೆಸತೊಡಗಿತು.

"ಹಿಂಗ ನಡೀತಿತ್ತು ನೋಡ" ಎಂದಿತು.

ಡಬ್ಬಿ ಒಂದು ಹೆಜ್ಜೆ ಇಟ್ಟಿತು. ಎರಡನೆಯ ಹೆಜ್ಜೆಗೆ ಮುಂದಿನ ಬಲಕ್ಕೆ ಕುಸಿಯಿತು, ಬೆರಳು ಅದನ್ನು ಎತ್ತಿ ಹಿಡಿದವು. ಮತ್ತೆ ಹೆಜ್ಜೆ, ಮತ್ತೆ ಅದೇ ಕಡೆ ಕುಸಿತ, ಮತ್ತೆ ಬೆರಳು. ಹುಡುಗಿ ಮೊಣಕಾಲೂರಿ, ತಾನೂ ಭುಜ ಕುಣಿಸುತ್ತ, ಖೋಲಿಯ ಉದ್ದಕ್ಕೂ ನಡೆಸಿಕೊಂಡು ಹೋಗಿ ನಡುಮನೆಯ ಹೊಸ್ತಿಲಿಗೆ ನಿಲ್ಲಿಸಿತು. ಕುಂಟೆತ್ತು ಮನೆ ಬಾಗಿಲಿಗೆ ಬಂದು ನಿಂತ ಹಾಗೆ ನಿಲ್ಲಿಸಿ ನನ್ನ ಹೆಂಡತಿಯ ಮುಖ ನೋಡಿತು. ಅವಳು ಒಳಗೆ ಹೋದಳು. ಬೊಗಸೆಯಲ್ಲಿ ಜೋಳ ತಂದು ಹುಡುಗಿಯ ಲಂಗದ ಮಡಿಲಿಗೆ ಸುರಿದಳು. ಕಣ್ಣೀರು ಇನ್ನೂ ಗಲ್ಲದ ಮೇಲೆ ಇದ್ದಾಗಲೇ ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ತಾಯಿಯೂ ನಕ್ಕಳು. ನಾನು ಮಾತ್ರ ಆ ಬೆರಳುಗಳನ್ನೇ ನೋಡುತ್ತಿದ್ದೆ.

ಮುಂದಿನ ಬಲಗಾಲು. ಅಷ್ಟೇ ಅಲ್ಲ, ಎಲ್ಲವೂ ಒಮ್ಮೆಲೇ ಕಣ್ಣಿಗೆ ಬಂತು. ಮುರಿದ ಕಡೆಗೆ ಇಳಿದಿದ್ದ ಹೆಗಲು, ತಗ್ಗಿದ ತಲೆ, ಹೊಟ್ಟೆಯ ಕೆಳಗಿನ ಎರಡು ಬೆರಳು. ಹುಡುಗಿಯ ಕೈ ಸುಮ್ಮನಿರುವುದಿಲ್ಲ ಎಂದು ನಾನು ಗೊಣಗಿದ್ದೆನಲ್ಲ, ಆ ಕೈ ಎರಡು ದಿನವೂ ಎತ್ತು ಬೀಳದ ಹಾಗೆ ಹಿಡಿಯಲು ಹೋಗುತ್ತಿತ್ತು. ನಾನು ಎರಡು ದಿನವೂ ಗದರಿ ಗದರಿ ಅದನ್ನು ವಾಪಸು ಕಳಿಸಿದ್ದೆ. ಕಿತ್ತೂರಿನ ಹುಡುಗನೂ ಬುಟ್ಟಿಯಿಲ್ಲದ ಆ ಜೆಸಿಬಿಯಿಂದ ಏನು ಆಡುತ್ತಿದ್ದನೋ, ಯಾರಿಗೆ ಗೊತ್ತು.

ಕಾಲು ತೆಗೆಯುವುದು ಗಳಿಗೆಯ ಕೆಲಸವಾಗಿ ಉಳಿಯಲಿಲ್ಲ. ಕಾಲು ಕೆರೆದೆ, ಬೆನ್ನು ಕೆರೆದೆ, ಅಷ್ಟು ಠೀವಿಯಿಂದ ಎತ್ತಿಸಿದ್ದ ಕತ್ತನ್ನೂ ಕೆರೆದೆ. ಗೊರಸಿನ ಹೊಳಪು ಒರೆಸುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಹುಡುಗಿಯನ್ನು ಈ ಸಲ ಸ್ಟೂಲಿನ ಮೇಲೆ ಕೂರಿಸಲಿಲ್ಲ, ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಹಸಿ ಬಣ್ಣ ತೋರಿಸಬಾರದೆಂಬ ನನ್ನ ಪದ್ಧತಿ ಅಂದಿಗೆ ಮುಗಿಯಿತು. ಅದು ಜೋಳದ ಮಡಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಸಾಲೆ ತಪಾಸಣೆಗೆ ಬಂದ ಸಾಹೇಬರ ಗತ್ತಿನಲ್ಲಿ ಅಪ್ಪಣೆ ಕೊಡತೊಡಗಿತು.

"ಇನ್ನ ಜರಾ ವಾಲಬೇಕು ಅಜ್ಜಾ."

"ಇಷ್ಟ?"

"ಇನ್ನ ಜರಾ."

"ಬೀಳತದಲ್ಲ ಮತ್ತ!"

"ಬೀಳಂಗಿಲ್ಲ. ನಾ ಹಿಡೀತಿದ್ನೆಲ್ಲ."

ಮುರಿದ ಜಾಗದಲ್ಲಿ, ಕಾಲಿಗೆ ಆಧಾರವೆಂದು ಒಳಗೆ ಸಿಕ್ಕಿಸಿದ್ದ ಕಡ್ಡಿ ಹೊರಗೆ ಚಾಚಿಕೊಂಡಿತ್ತು, ಅದೂ ಬೇಕು ಎಂದಿತು. ಬರೆದೆ. ಕಡ್ಡಿಯ ತುದಿ ಸ್ವಲ್ಪ ಸೀಳಿತ್ತು ಎಂದಿತು. ಸೀಳಿದೆ. ಅಷ್ಟರಲ್ಲಿ ಸಂಪಗಾಂವದ ಒಂದು ಬಸ್ಸು ಹೋಯಿತು. ಹೆಂಡತಿ ಎಲ್ಲರಿಗೂ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟಳು. ತಾಯಿ ಮತ್ತು ಅವಳು ಜಂಪರಿನ ತೋಳು ಈಗ ಎಷ್ಟು ಉದ್ದ ಇಡುತ್ತಾರೆ ಎಂಬ ಮಾತಿಗೆ ಬಿದ್ದರು. ಇನ್ನೊಂದು ಬಸ್ಸೂ ಹೋಯಿತು.

ಕೊನೆಗೆ ಉಳಿದದ್ದು ಕೈ. ತೊಡೆಯ ಮೇಲಿನ ಎಡಗೈಯನ್ನು ಪೂರ್ತಿ ಒರೆಸಿ, ಹೊಸದಾಗಿ ಬರೆದು, ಎರಡು ಬೆರಳನ್ನು ಎತ್ತಿನ ಹೊಟ್ಟೆಯ ಕೆಳಗೆ ಕೊಟ್ಟೆ. ಮಗುವಿನ ಬೆರಳು ಬರೆಯುವುದು ಸುಲಭವಲ್ಲ, ಭಾರ ಹೊತ್ತ ಬೆರಳಂತೂ ಇನ್ನೂ ಕಷ್ಟ. ತುದಿ ಸ್ವಲ್ಪ ಬೆಳ್ಳಗಾಗುತ್ತದೆ, ಗೆಣ್ಣು ಬಿಗಿಯುತ್ತದೆ. ಬರೆದು ಮುಗಿಸಿ ಬ್ರಶ್ಶು ಇಟ್ಟಾಗ ಸಂಜೆಯಾಗುತ್ತ ಬಂದಿತ್ತು. ಹುಡುಗಿ ಚಿತ್ರದ ಹತ್ತಿರ ಹೋಯಿತು. ಈ ಸಲ ಹಿಂದೆ ಇಣುಕಲಿಲ್ಲ. ತುಂಬಾ ಹೊತ್ತು ನೋಡಿತು. ನಾನು ಕೈ ಒರೆಸಿಕೊಳ್ಳುತ್ತ ಅದರ ತೀರ್ಪಿಗೆ ಕಾದು ನಿಂತೆ. ಇಷ್ಟು ವರ್ಷದಲ್ಲಿ ಯಾವ ಅಂಗಡಿಯ ಸಾವಕಾರನ ಮುಂದೆಯೂ ನಾನು ಹಾಗೆ ನಿಂತವನಲ್ಲ.

"ಹೂಂ" ಎಂದಿತು. ಅಷ್ಟೇ.

ಈಗ ಇನ್ನೊಂದು ಕುತ್ತು ಎದುರಾಯಿತು. ಬಣ್ಣ ಪೂರ್ತಿ ಹಸಿ. ಬಸ್ಸಿನಲ್ಲಿ ಒಯ್ದರೆ ಯಾರದೋ ಪೈಜಾಮಕ್ಕೆ ಎತ್ತು ಅಂಟಿ ಹೋಗುತ್ತಿತ್ತು. ನಾಲ್ಕು ದಿನವಾದರೂ ಇಲ್ಲೇ ಬಿಡಬೇಕು. ಒಮ್ಮೆ ನನ್ನನ್ನು ನಂಬಿ ಎತ್ತನ್ನು ನೀರಿಗೆ ಬಿಟ್ಟಿದ್ದ ಕೂಸು ಅದು, ಮತ್ತೊಮ್ಮೆ ನಂಬಿ ಇಲ್ಲಿ ಬಿಟ್ಟು ಹೋಗು ಎಂದು ಯಾವ ಮುಖದಿಂದ ಹೇಳಲಿ? ಕಡೆಗೆ ತಾಯಿಯೇ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಕೂದಲು ಹಿಂದೆ ಸರಿಸಿ, ಹೆದರಿ ಹೆದರಿ ಕೇಳಿದಳು. "ಹಸಿ ಐತೆವಾ. ಇವತ್ತ ಇಲ್ಲೇ ಬಿಟ್ಟ ಹೋಗೂಣೇನು? ಮುಂದಿನ ವಾರ ಬಂದ ಒಯ್ಯೂಣಂತ."

ಹುಡುಗಿ ಚಿತ್ರದ ಕಡೆ ತಿರುಗಿತು. ಅದರ ನಿಜವಾದ ಎಡಗೈಯ ಎರಡು ಬೆರಳು ಬೆಳಗಿನಿಂದ ಎತ್ತನ್ನು ಹಿಡಿದ ಹಾಗೇ ಮಡಚಿಕೊಂಡಿದ್ದವು, ನಾನು ಆಗ ಗಮನಿಸಿದೆ. ಅದು ಆ ಬೆರಳನ್ನು ಬಿಚ್ಚಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡಿತು.

"ಇರ್ಲಿ ಬಿಡಬೇ" ಎಂದಿತು. "ನಾ ಅಲ್ಲಿ ಹಿಡಕೊಂಡ ಕುಂತೇನಲ್ಲ. ಬೀಳಂಗಿಲ್ಲದು."

ಹಾಗೆಂದು ಮಡಿಲ ಜೋಳ ಚೆಲ್ಲದ ಹಾಗೆ ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಚಪ್ಪಲಿ ಹುಡುಕಲು ಬಾಗಿಲ ಕಡೆ ಹೋಯಿತು.